ಸ್ಟೇರಿಂಗಿನ ಮೇಲಿನ ಕೆಂಪು ಕ್ಲಿಪ್ಪು

ಬೈಲಹೊಂಗಲ
೯ ಜನವರಿ ೨೦೨೪

ಗೌರೀಶ,

ನಿನ್ನ ಕ್ಷೇಮ ಕೇಳಲು ಬರೆಯುತ್ತಿಲ್ಲ, ಆ ಆಸೆ ಇಟ್ಟುಕೊಳ್ಳಬೇಡ. ಯಾವಾಗ ಫೋನ್ ಹಚ್ಚಿದರೂ ನಿನ್ನ ನಂಬರು ಬಿಜಿ. ರಾಮದುರ್ಗದಲ್ಲಿ ಮೂರು ವರ್ಷ ಬಿಡುವಿಲ್ಲದೆ ಮಾತನಾಡುವಷ್ಟು ಗೆಳೆಯರು ಸಿಕ್ಕಿದ್ದಾರೇನೋ ಅಂದುಕೊಂಡಿದ್ದೆ. ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀ ಎಂದು ಮಗಳು ಮಹೇಕ್ ಹೇಳಿದಳು. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಅಕ್ಷರ ನನ್ನ ಮಗಳದು. ನಾನು ನಮ್ಮ ಮಾತಿನಲ್ಲಿ ಬೈಯುತ್ತೇನೆ, ಅವಳು ಅದನ್ನು ಸಾಲಿಯ ಕನ್ನಡ ಮಾಡಿ ಬರೆಯುತ್ತಾಳೆ. ನಿನ್ನ ಉತ್ತರವನ್ನೂ ಅವಳೇ ಓದಿ ಹೇಳಬೇಕು, ಕೈಬರಹ ಈಗ ನನ್ನ ಕಣ್ಣಿಗೆ ಹಿಡಿಯುವುದಿಲ್ಲ. ನನ್ನ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಅವೆರಡರಲ್ಲಿ ಬೀಡಿ ಹಿಡಿಯಬಹುದು, ಪೆನ್ನು ಹಿಡಿಯಲಾಗದು, ನಟ್ ತಿರುಗಿಸುವ ಪಾನಾ ಅಂತೂ ದೂರದ ಮಾತು.

ಈಗ ಯಾಕೆ ಎನ್ನುತ್ತೀಯಾ? ಮಹೇಕ್ ಐಟಿಐ ಮುಗಿಸಿ ಗ್ಯಾರೇಜು ಹಿಡಿದಿದ್ದಾಳೆ. ಬಜಾರಿನ ಹಣಮಂತಪ್ಪ ತನ್ನ ಹಳೆಯ ಮಾರುತಿಯನ್ನು ಬ್ಯಾಟರಿ ಮತ್ತು ಪೆಟ್ರೋಲು ಎರಡರಲ್ಲೂ ಓಡುವಂತೆ ಮಾಡಿಕೊಡು ಎಂದು ಅವಳಿಗೆ ಒಪ್ಪಿಸಿದ. ನಾವು ಮಾಡಿದ್ದೆವಲ್ಲ, ಮುಂದಿನ ಗಾಲಿಗೆ ಎಂಜಿನ್, ಹಿಂದಿನ ಎರಡು ಗಾಲಿಗೆ ಮೋಟಾರು, ಹಾಗೆಯೇ. ಅವಳು ಎರಡು ದಿನ ಕುಣಿದಾಡಿದಳು. ಮೂರನೆಯ ದಿನ ಅವನು ಬಂದು ಕಾರು ಒಯ್ದ. ಹೋಗುವಾಗ ನನ್ನೆದುರಿಗೇ ಹೇಳಿದ: "ಬ್ಯಾಸರ ಮಾಡ್ಕೋಬ್ಯಾಡ್ರಿ ಮಿಸ್ತ್ರಿ. ತನ್ನ ಕೈ ಉಳಿಸ್ಕೊಳ್ಳಾಕ ಬರಲಾರ್ದಾಂವ ಮಗಳಿಗೆ ಏನ್ ಕಲಿಸಿರ್ತಾನ ಅಂತ ನಮ್ಮ ಮನ್ಯಾಗ ಅಂದ್ರು."

ಈ ಮಾತು ಹುಟ್ಟಿದ್ದು ನಿನ್ನ ಬಾಯಿಂದ. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಬರೆಯಿಸುತ್ತೇನೆ, ಆಮೇಲೆ ನೆನಪಿಲ್ಲ ಎನ್ನಬಾರದು.

೨೦೨೧, ಮಾರ್ಚ್ ಹದಿನಾಲ್ಕು, ರವಿವಾರ. ಸಂಪಗಾಂವದಲ್ಲಿ ದುಂಡಪ್ಪನ ಬೆಳೆ ಕೊಯ್ದ ಹೊಲದಲ್ಲಿ ನಮ್ಮ ಹಳೆಯ ರಿಮೋಟ್ ಬಗ್ಗಿಗಳ, ಆ ಆಟಿಕೆ ಕಾರುಗಳ ರೇಸು. ಬೇವಿನ ಗಿಡಕ್ಕೆ ಬೋರ್ಡು, ಬೋರ್ಡಿನ ಮೇಲೆ ಅರಿವಿ ಒಣಹಾಕುವ ಬಣ್ಣಬಣ್ಣದ ಕ್ಲಿಪ್ಪು. ಆ ಮೂವತ್ತೈದು ವರ್ಷದ ಗಾಡಿಗಳಲ್ಲಿ ರೇಡಿಯೋ ತರಂಗ ಗೊತ್ತುಮಾಡುವ ಕ್ರಿಸ್ಟಲ್ ಎರಡಕ್ಕೂ ಒಂದೇ ಬಣ್ಣದ್ದಿದ್ದರೆ ಇವನ ರಿಮೋಟಿಗೆ ಅವನ ಗಾಡಿ ಓಡುತ್ತದೆ. ಅದಕ್ಕೇ ನಮ್ಮ ಕಾಯ್ದೆ: ನಿನ್ನ ಬಣ್ಣದ ಕ್ಲಿಪ್ಪು ನಿನ್ನ ಕೈಗೆ ಬರುವವರೆಗೆ ರಿಮೋಟಿನ ಸ್ವಿಚ್ ಮುಟ್ಟಬಾರದು. ಅದೇ ಕಾಯ್ದೆಯನ್ನು ನಾವು ಮಾಡಿದ ಕಾರಿಗೂ ತಂದವನು ನೀನು. ಯಾರಾದರೂ ಗಾಲಿಯ ಹತ್ತಿರ ಕೈ ಹಾಕಿದ್ದರೆ ಸ್ಟೇರಿಂಗಿಗೆ ಕೆಂಪು ಕ್ಲಿಪ್ಪು. ಯಾಕೆಂದರೆ ಬ್ಯಾಟರಿಯ ಮೇಲಿರುವ ಗಾಡಿ ಸದ್ದು ಮಾಡುವುದಿಲ್ಲ.

ಅಂದು ಹೊಲಕ್ಕೆ ಆ ಕಾರಿನಲ್ಲೇ ಬಂದಿದ್ದೆವು, ಅದರ ಕ್ಲಿಪ್ಪು ಗ್ಯಾರೇಜಿನಲ್ಲೇ ಮರೆತು ಉಳಿದಿತ್ತು. ಬೋರ್ಡಿನ ಕೆಂಪು ಕ್ಲಿಪ್ಪನ್ನೇ ತಂದು ಸ್ಟೇರಿಂಗಿಗೆ ಹಚ್ಚಿದೆ. ಈ ಕೈಯಿಂದಲೇ ಹಚ್ಚಿದೆ. ಜ್ಯಾಕ್ ಏರಿಸಿ, ಹಿಂದೆ ಕುಳಿತು, ಗಾಲಿಯ ಸಂದಿಯಲ್ಲಿ ಕೈ ಹಾಕಿ ವೈರು ಬಿಗಿಯುತ್ತಿದ್ದೆ. ನೀನು ಚಹಾ ಕುಡಿದು ಬಂದು ಕುಳಿತೆ, ಗಾಲಿ ತಿರುಗುತ್ತದೋ ನೋಡಲು ಸ್ವಿಚ್ ಹಾಕಿದೆ, ಪೆಡಲು ಒತ್ತಿದೆ.

ನೀನು ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ಸ್ಟೇರಿಂಗಿನ ಮ್ಯಾಲೆ ಕ್ಲಿಪ್ ಇರಲಿಲ್ಲರಿ." ದುಂಡಪ್ಪ ಹೋಗಿ ನೋಡಿದರೆ ಕೆಂಪು ಕ್ಲಿಪ್ಪು ಬೋರ್ಡಿನ ಮೇಲೆಯೇ ಇತ್ತು. ಅಲ್ಲಿಗೆ ಬೆರಳು ಕಳೆದುಕೊಂಡವನೂ ನಾನೇ, ಸುಳ್ಳನೂ ನಾನೇ ಆದೆ.

ನನಗೆ ಒಂದು ಸಾಲು ಬೇಕು. ಸರ್ಫರಾಜ ಕ್ಲಿಪ್ಪು ಹಚ್ಚಿದ್ದ, ನಾನು ತೆಗೆದೆ, ಎಂದು ಬರೆದು ಸಹಿ ಹಾಕಿ ಕಳಿಸು. ನಿನ್ನಿಂದ ಬೇರೇನೂ ಬೇಡ.

ಸರ್ಫರಾಜ ಲಾಲಸಾಬ


ರಾಮದುರ್ಗ
೨ ಫೆಬ್ರವರಿ ೨೦೨೪

ಸರ್ಫರಾಜ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಬರೆದು ಹರಿದೆ, ಮತ್ತೆ ಬರೆದೆ.

ಇಲ್ಲಿ ಮಗ್ಗದ ಮೋಟಾರು, ಬೋರಿನ ಪಂಪು, ಸುಟ್ಟದ್ದೆಲ್ಲ ನನ್ನ ಅಂಗಡಿಗೆ ಬರುತ್ತದೆ. ತಾಮ್ರದ ತಂತಿ ಸುತ್ತುತ್ತ ಕುಳಿತರೆ ದಿನ ಹೋಗುತ್ತದೆ. ಬಗ್ಗಿ ಪೆಟ್ಟಿಗೆಯಲ್ಲಿದೆ, ಹೊರಗೆ ತೆಗೆದಿಲ್ಲ. ನಮ್ಮ ಮನೆಯಾಕೆ ಮಹಾನಂದಾ ಒಮ್ಮೆ ಒರೆಸಲು ಹೋದಾಗ ಬೈದೆ. ತಪ್ಪು ಅವಳದಲ್ಲ.

ನೀನು ಕೇಳಿದ ಸಾಲು ಬರೆಯಲಾರೆ. ನಾನು ಕುಳಿತಾಗ ಸ್ಟೇರಿಂಗಿನ ಮೇಲೆ ಕ್ಲಿಪ್ಪು ಇರಲಿಲ್ಲ. ಅಂದೂ ಇಷ್ಟೇ ಹೇಳಿದೆ, ಇಂದೂ ಇಷ್ಟೇ. ನೀನು ಹಚ್ಚಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ, ನೆನಪು ಮಾಡಿಕೋ. ಆದರೂ ನನ್ನ ತಪ್ಪಿದೆ. ಒಮ್ಮೆ ಇಳಿದು ಹಿಂದೆ ಹೋಗಿ ನೋಡಬೇಕಿತ್ತು. ಕ್ಲಿಪ್ಪಿಲ್ಲ ಎಂದರೆ ಮನುಷ್ಯನೂ ಇಲ್ಲ ಎಂದು ನಂಬಿದೆ. ಅದಕ್ಕೆ ನೀನು ಏನು ಬೈದರೂ ಕೇಳುತ್ತೇನೆ.

ಮಹೇಕ್ ಗ್ಯಾರೇಜು ನೋಡಿಕೊಳ್ಳುತ್ತಿದ್ದಾಳೆ ಎಂದು ಓದಿ ಸಂತೋಷವಾಯಿತು. ಚೆನ್ನಾಗಿದ್ದಾಳೆಯೇ? ಊಟ, ನಿದ್ದೆ ಸರಿಯಾಗಿ ಮಾಡುತ್ತಾಳೆಯೇ? ಇಂಥ ಕಾಗದಗಳನ್ನು ಅವಳ ಕೈಯಲ್ಲಿ ಬರೆಯಿಸಬೇಡ ಮಾರಾಯ. ಬೇರೆ ಯಾರಾದರೂ ಸಿಗುತ್ತಾರೆ.

ಗೌರೀಶ


ಬೈಲಹೊಂಗಲ
೧೦ ಫೆಬ್ರವರಿ ೨೦೨೪

ಗೌರೀಶ,

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಕಾಗದ ಬರೆದಿದ್ದೀ. ನಾನು ಹಚ್ಚಿದ್ದೂ ಖರೆ, ನೀನು ಕುಳಿತಾಗ ಇಲ್ಲದ್ದೂ ಖರೆ ಎಂದರೆ, ನಡುವೆ ಅದನ್ನು ಕಾಗೆ ಒಯ್ದಿತೇ? ಒಯ್ದ ಕಾಗೆ ಬೋರ್ಡಿನ ಮೇಲೆ ಒಪ್ಪವಾಗಿ ಹಚ್ಚಿ ಹೋಯಿತೇ?

ನನ್ನ ಮಗಳ ಊಟ ನಿದ್ದೆಯ ಚಿಂತೆ ನಿನಗೆ ಯಾಕೆ? ನೀನು ಕುಶಲ ಕೇಳಿದ ಸಾಲನ್ನು ಅವಳು ಅರ್ಧಕ್ಕೇ ನಿಲ್ಲಿಸಿ ನೀರು ಕುಡಿಯಲು ಎದ್ದಳು. ನಿನ್ನನ್ನು ಕಾಕಾ ಕಾಕಾ ಎಂದು ಬೆನ್ನು ಹತ್ತಿ ತಿರುಗಿದ ಕೂಸು. ಅವಳಿಗೆ ಬೆಸುಗೆ ಹಾಕಲು ಕಲಿಸಿದವನು ನೀನು, ಅವಳ ಅಪ್ಪನನ್ನು ಊರಿನಲ್ಲಿ ಸುಳ್ಳ ಮಾಡಿದವನೂ ನೀನು. ಇನ್ನೊಂದು ಸಲ ಅವಳ ಹೆಸರೆತ್ತಿದರೆ ರಾಮದುರ್ಗಕ್ಕೇ ಬಂದು ನಿಲ್ಲುತ್ತೇನೆ.

ಕಾಗದ ಇವಳೇ ಬರೆಯುತ್ತಾಳೆ. ನಾನೇನೂ ಒತ್ತಾಯ ಮಾಡಿಲ್ಲ. ಬೇರೆಯವರನ್ನು ಕರೆಯುತ್ತೇನೆಂದರೆ, "ಬ್ಯಾಡ ಅಬ್ಬಾ, ನಾನ ಬರೀತೇನಿ" ಅಂದಳು.

ಸರ್ಫರಾಜ


ಬೈಲಹೊಂಗಲ
೨೮ ಏಪ್ರಿಲ್ ೨೦೨೪

ಗೌರೀಶ,

ಎರಡೂವರೆ ತಿಂಗಳಾಯಿತು. ಉತ್ತರವಿಲ್ಲ. ಈದ್ ಬಂತು, ಹೋಯಿತು. ನನ್ನ ಹೆಂಡತಿ ಅನ್ವರಬಿ ಹಾಲು ಶಾವಿಗೆಯ ಸುರಕುಂಬಾ ಮಾಡಿ, ರೂಢಿಯ ಮೇಲೆ ನಿನ್ನ ಮನೆಯ ಡಬ್ಬಿಯನ್ನೂ ತುಂಬಿಸಿಬಿಟ್ಟಳು. ಮೂರು ವರ್ಷವಾದರೂ ಅವಳ ಕೈಗೆ ಬುದ್ಧಿ ಬಂದಿಲ್ಲ. ಆ ಡಬ್ಬಿಯನ್ನು ನಾನೇ ತಿಂದು ಮುಗಿಸಿದೆ, ಸಿಟ್ಟಿನಿಂದ.

ಒಂದು ಖರೆ ಮಾತು ಹೇಳುತ್ತೇನೆ. ಈಚೆಗೆ ನನಗೇ ಸಂಶಯ ಬರುತ್ತಿದೆ. ಅಂದು ನಾನು ಕ್ಲಿಪ್ಪು ಹಚ್ಚಿದ್ದೆನೋ ಇಲ್ಲವೋ? ಊರೆಲ್ಲ ಇಲ್ಲ ಇಲ್ಲ ಎಂದರೆ ಮನುಷ್ಯ ತನ್ನ ನೆನಪನ್ನು ಎಷ್ಟು ದಿನ ಹಿಡಿದುಕೊಂಡಿರಬೇಕು? ಗ್ಯಾರೇಜಿನಲ್ಲಿ ಕುಳಿತು ಮಗಳು ಮಾಡುವ ಕೆಲಸ ನೋಡುತ್ತೇನೆ. "ನಟ್ ಬಿಗಿ ಮಾಡಿದೇನ?" ಎಂದು ಕೇಳುತ್ತೇನೆ. "ಮಾಡಿದ್ನಿ ಅಬ್ಬಾ." ಮತ್ತೆ ಕೇಳುತ್ತೇನೆ. ಅವಳ ಮೇಲೆ ಸಂಶಯವಲ್ಲ, ನನ್ನ ಮೇಲೆ. ಬೆರಳು ಹೋದರೆ ಹೋಗಲಿ, ಮೂವತ್ತು ವರ್ಷ ಗಾಡಿಯ ಕೆಳಗೆ ಮಲಗಿ ಗಳಿಸಿದ ನಂಬಿಕೆ ನೀನು ತೆಗೆದುಕೊಂಡೆ.

ಆ ಕ್ಲಿಪ್ಪು ತೆಗೆದ ಕೈಗೆ ಹುಳ ಬೀಳಲಿ. ಯಾರದೇ ಇರಲಿ. ಇದನ್ನು ಹಾಗೆಯೇ ಬರೆ ಎಂದು ಮಹೇಕ್‌ಳಿಗೆ ಹೇಳಿದ್ದೇನೆ, ಬರೆದಿದ್ದಾಳೆ.

ಸರ್ಫರಾಜ


ರಾಮದುರ್ಗ
೧೯ ಮೇ ೨೦೨೪

ಸರ್ಫರಾಜನಿಗೆ,

ನೀನು ಗೆದ್ದೆ. ನಾಲ್ಕು ಜನರ ಮುಂದೆ ಓದಲು ಅನುಕೂಲವಾಗಲೆಂದು ಚೊಕ್ಕ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

೨೦೨೧ರ ಮಾರ್ಚ್ ೧೪ರಂದು ಸಂಪಗಾಂವದಲ್ಲಿ ಸರ್ಫರಾಜ ಲಾಲಸಾಬ ಕಾರಿನ ಸ್ಟೇರಿಂಗಿಗೆ ಕೆಂಪು ಕ್ಲಿಪ್ಪು ಹಚ್ಚಿಯೇ ಕೆಲಸಕ್ಕೆ ಕುಳಿತಿದ್ದ. ಅದನ್ನು ತೆಗೆದವನು ನಾನು. ಅವನು ಕೆಲಸ ಮುಗಿಸಿ ಹೋಗಿದ್ದಾನೆ, ಕ್ಲಿಪ್ಪು ತೆಗೆಯಲು ಮರೆತಿದ್ದಾನೆ ಎಂದು ತಿಳಿದು ತೆಗೆದೆ, ಸ್ವಿಚ್ ಹಾಕಿದೆ. ಅನಾಹುತವಾದ ಮೇಲೆ ಗದ್ದಲದಲ್ಲಿ ಅದನ್ನು ಬೋರ್ಡಿಗೆ ಹಚ್ಚಿದವನೂ ನಾನೇ. ಅವನ ತಪ್ಪು ಸಾಸಿವೆಯಷ್ಟೂ ಇಲ್ಲ.

ಇದಕ್ಕೆ ನನ್ನ ಸಹಿ ಇದೆ. ಯಾರಿಗೆ ಬೇಕಾದರೂ ತೋರಿಸು. ಒಂದೇ ಬೇಡಿಕೆ. ಇನ್ನು ಸಾಕು ಮಾಡು. ಇದರ ಮೇಲೆ ಇನ್ನೊಂದು ಕಾಗದ ಆ ಹುಡುಗಿಯ ಕೈಯಲ್ಲಿ ಬರೆಯಿಸಬೇಡ.

ಗೌರೀಶ


ಬೈಲಹೊಂಗಲ
೨ ಜೂನ್ ೨೦೨೪

ಗೌರೀಶ,

ಬೇಡಿಕೆ ಇಡುವ ಹಕ್ಕು ನಿನಗಿಲ್ಲ, ಅದಕ್ಕೇ ಇದನ್ನೂ ಬರೆಯಿಸುತ್ತಿದ್ದೇನೆ.

ನಿನ್ನ ಕಾಗದವನ್ನು ದುಂಡಪ್ಪನ ಮನೆಯ ಕಟ್ಟೆಯ ಮೇಲೆ ಓದಿಸಿದೆ. ಮಹೇಕ್ ಓದಿದಳು. "ಜೋರಾಗಿ ಓದವಾ" ಎಂದು ಎರಡು ಸಲ ಹೇಳಬೇಕಾಯಿತು. ದುಂಡಪ್ಪ ತಲೆಯ ಮೇಲೆ ಕೈ ಹೊತ್ತು, "ನಾವೆಲ್ಲ ಪಾಪ ಕಟ್ಕೊಂಡ್ವಿ ಸರ್ಫರಾಜ" ಎಂದ. ಬೋರ್ಡಿನಿಂದ ನಿನ್ನ ಹಸಿರು ಕ್ಲಿಪ್ಪನ್ನು ಕಿತ್ತು ಒಲೆಗೆ ಹಾಕಿದರು. ಇನ್ನು ನಿನಗೆ ರೇಸಿನಲ್ಲಿ ಜಾಗವಿಲ್ಲ. ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದೇನೆ. ಹಣಮಂತಪ್ಪ ಬಂದು ಓದಿ, ಹೋಗಿ ತನ್ನ ಮಾರುತಿಯನ್ನು ತಂದು ನಿಲ್ಲಿಸಿದ.

ಗೆದ್ದವನು ಕುಣಿಯಬೇಕಿತ್ತು. ಅಂದು ಊಟವೇ ಸೇರಲಿಲ್ಲ. ನೀನು ಒಪ್ಪಿಕೊಳ್ಳುವವರೆಗೆ, ಬೇರೆ ಏನೋ ಕಾರಣ ಇದ್ದೀತು, ನಮ್ಮ ಗೌರೀಶ ಅಂಥವನಲ್ಲ ಎಂಬ ಹುಚ್ಚು ಒಳಗೆಲ್ಲೋ ಇತ್ತು. ಅದೂ ಹೋಯಿತು. ಸಾಲಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವನು ನನ್ನನ್ನು ಮೂರು ವರ್ಷ ಸುಳ್ಳನೆಂದು ಬಿಟ್ಟ, ತಾನು ಉಳಿಯಬೇಕೆಂದು.

ಇನ್ನು ಬರೆಯುವುದಿಲ್ಲ. ನೀನೂ ಬರೆಯಬೇಡ.

ಸರ್ಫರಾಜ


ಬೈಲಹೊಂಗಲ
೨೦ ಆಗಸ್ಟ್ ೨೦೨೪

ಗೌರೀಶ ಕಾಕಾ ಅವರಿಗೆ, ಮಹೇಕ್ ಮಾಡುವ ಸಲಾಮು.

ಈ ಸಲ ಮಾತೂ ನನ್ನದೇ. ಅಬ್ಬಾ ಮಸೀದಿಗೆ ಹೋಗಿದ್ದಾರೆ.

ಹಣಮಂತಪ್ಪ ಕಾಕಾ ಅವರ ಕಾರು ಮುಗಿಯಿತು. ಸವದತ್ತಿಯವರೆಗೆ ಓಡಿಸಿ ನೋಡಿದೆವು. ಊರೊಳಗೆ ಬ್ಯಾಟರಿ, ಹೊರಗೆ ಪೆಟ್ರೋಲು, ಒಂದರಿಂದ ಒಂದಕ್ಕೆ ಹೋಗುವಾಗ ಒಂದಿಷ್ಟೂ ಎಳೆಯುವುದಿಲ್ಲ. ಎಲ್ಲರೂ ಶಹಬ್ಬಾಸ್ ಎಂದರು. ಇನ್ನೂ ಇಬ್ಬರು ತಮ್ಮ ಗಾಡಿ ಕೊಡುತ್ತೇವೆ ಎಂದಿದ್ದಾರೆ. ನಾನು ನಿಮ್ಮ ಕಾಗದದ ಕೆಳಗೆ ನಿಂತು ಕೆಲಸ ಮಾಡುತ್ತೇನೆ. ಬಂದವರು ಅದನ್ನು ಓದಿ ನಿಮ್ಮನ್ನು ಬೈದು, ಆಮೇಲೆ ನನಗೆ ಕೆಲಸ ಹೇಳುತ್ತಾರೆ. ನಿಮ್ಮ ಕಡೆಯ ಸಾಲಹಳ್ಳಿಯಲ್ಲಿ ದುಂಡಪ್ಪ ಕಾಕಾ ಅವರ ಬೀಗರಿದ್ದಾರಲ್ಲ, ಅವರ ಬಾಯಿಂದ ಸುದ್ದಿ ಹೋಗಿ ಆ ಊರಿನವರು ನಿಮ್ಮ ಅಂಗಡಿಗೆ ಪಂಪು ತರುವುದನ್ನು ಬಿಟ್ಟರಂತೆ. ಅಬ್ಬಾ ಅದನ್ನು ಕೇಳಿ ಎದ್ದು ಹೊರಗೆ ಹೋದರು. ನಾನು ಒಳಗೆ ಹೋಗಿ ಅತ್ತೆ.

ಕಾಕಾ, ನಾವಿಬ್ಬರೂ ಇದನ್ನು ಒಮ್ಮೆಯೂ ಮಾತನಾಡಿಲ್ಲ. ಅಂದು ನನ್ನ ರೇಸಿನ ಪಾಳಿ ಬಂತು. ನನ್ನ ಬಗ್ಗಿಯದು ಕೆಂಪು ಕ್ರಿಸ್ಟಲ್. ಬೋರ್ಡಿನ ಮೇಲೆ ಕೆಂಪು ಕ್ಲಿಪ್ಪು ಇರಲಿಲ್ಲ. ಕ್ಲಿಪ್ಪಿಲ್ಲದೆ ಸ್ವಿಚ್ ಮುಟ್ಟಬಾರದು ಎಂದು ನೀವೇ ಕಲಿಸಿದ್ದಿರಿ, ಆದ್ದರಿಂದ ಹುಡುಕುತ್ತ ಬಂದೆ. ಕಾರಿನ ಸ್ಟೇರಿಂಗಿನ ಮೇಲೆ ಕಂಡಿತು. ಅದು ಬೋರ್ಡಿನದೇ, ತುದಿ ಮುರಿದದ್ದು, ಗುರುತು ಹಿಡಿದೆ. ಕಾರಿನ ಕ್ಲಿಪ್ಪು ಬೇರೆ ಇದೆ, ಇದನ್ನು ಯಾರೋ ನನ್ನನ್ನು ಕಾಡಿಸಲು ಇಲ್ಲಿ ಹಚ್ಚಿದ್ದಾರೆ ಅಂದುಕೊಂಡೆ. ಒಳಗೆ ಯಾರೂ ಇರಲಿಲ್ಲ. ಅಬ್ಬಾ ಹಿಂದಿನ ಗಾಲಿಯ ಮರೆಯಲ್ಲಿ ಕುಳಿತಿದ್ದರು, ನನಗೆ ಕಾಣಲಿಲ್ಲ. ತೆಗೆದುಕೊಂಡು ಓಡಿದೆ. ಆಗ ನನಗೆ ಹದಿನೇಳು ವರ್ಷ.

ಕೂಗು ಕೇಳಿ ರಿಮೋಟು ಹಿಡಿದೇ ಓಡಿ ಬಂದೆ. ರಿಮೋಟಿನ ಏರಿಯಲ್ ಕಡ್ಡಿಯ ಮೇಲೆ ಆ ಕ್ಲಿಪ್ಪಿತ್ತು. ನೀವು ಒಂದು ಕೈಯಲ್ಲಿ ಅಬ್ಬಾನ ಕೈಗೆ ಟವೆಲ್ಲು ಸುತ್ತುತ್ತ, ಇನ್ನೊಂದು ಕೈಯಿಂದ ಅದನ್ನು ಕಿತ್ತು ಕಿಸೆಗೆ ಹಾಕಿಕೊಂಡಿರಿ. "ನೀ ಏನೂ ನೋಡಿಲ್ಲ, ಏನೂ ಮಾಡಿಲ್ಲ, ಹೋಗವಾ" ಅಂದಿರಿ. ನಾನು ಹೋದೆ. ಅಂದಿನಿಂದ ಹೋಗುತ್ತಲೇ ಇದ್ದೇನೆ.

ಪ್ರತಿ ಕಾಗದವನ್ನೂ ನಾನೇ ಬರೆಯುತ್ತೇನೆ ಎಂದದ್ದು ಯಾಕೆ ಗೊತ್ತೇ? ನಿಮ್ಮ ಉತ್ತರ ಬೇರೆಯವರ ಕೈಗೆ ಸಿಗಬಾರದೆಂದು. ನೀವು ನನ್ನ ಹೆಸರು ಬರೆಯುತ್ತೀರಿ ಎಂಬ ಹೆದರಿಕೆ. ಇಷ್ಟು ಸಣ್ಣವಳು ನಾನು. ಕೈಗೆ ಹುಳ ಬೀಳಲಿ ಎಂಬ ಸಾಲನ್ನು ಒಂದಕ್ಷರವೂ ಬದಲಿಸದೆ ಬರೆದೆ. ಅಬ್ಬಾ "ಬರದೇನ?" ಎಂದರು. "ಬರದ್ನಿ" ಎಂದೆ.

ನಿಮ್ಮ ತಪ್ಪೊಪ್ಪಿಗೆ ಓದಿದ ದಿನವೇ ಹೇಳಬೇಕಿತ್ತು. ಈಗ ಏನು ಮಾಡಲಿ, ಹೇಳಿ.

ನಿಮ್ಮ
ಮಹೇಕ್


ರಾಮದುರ್ಗ
೨೯ ಆಗಸ್ಟ್ ೨೦೨೪

ಮಗಳೆ ಮಹೇಕ್,

ನಿನ್ನ ಕಾಗದ ಓದಿ ಸುಟ್ಟೆ. ಇದನ್ನು ನೀನೂ ಸುಡು.

ನೀನು ಕಾಯ್ದೆ ಮುರಿಯಲಿಲ್ಲ ತಾಯಿ, ಪಾಲಿಸಿದೆ. ಒಂದು ಕ್ಲಿಪ್ಪಿಗೆ ಎರಡು ಕೆಲಸ ಕೊಟ್ಟವರು ನಾವು ದೊಡ್ಡವರು. ಹಿಂದೆ ನೋಡದೆ ಒತ್ತಿದ ಕಾಲು ನನ್ನದು. ನಾನು ಬರೆದದ್ದರಲ್ಲಿ ಅರ್ಧ ನಿಜವೇ ಇದೆ. ಉಳಿದರ್ಧವನ್ನು ನಾನು ಹೊತ್ತರೆ ನನಗೇನೂ ಭಾರವಲ್ಲ. ಸಾಲಹಳ್ಳಿಯವರು ಬಾರದಿದ್ದರೆ ಮಗ್ಗದವರು ಬರುತ್ತಾರೆ.

ಅಪ್ಪನಿಗೆ ಹೇಳಬೇಡ. ಅವನಿಗೆ ತನ್ನ ಮೇಲಿನ ನಂಬಿಕೆ ಮರಳಿ ಬಂದಿದೆ, ನಿನಗೆ ಕೆಲಸ ಬಂದಿದೆ. ಸತ್ಯ ಹೇಳಿದರೆ ಅವನಿಗೆ ಮಗಳು ಹೋಗುತ್ತಾಳೆ, ನಿನಗೆ ಅಪ್ಪ ಹೋಗುತ್ತಾನೆ. ನನ್ನಾಣೆ, ಹೇಳಬೇಡ.

ನಿನ್ನ ಕಾಕಾ
ಗೌರೀಶ


ಬೈಲಹೊಂಗಲ
೧೫ ಸೆಪ್ಟೆಂಬರ್ ೨೦೨೪

ಗೌರೀಶ,

ಇದು ನನ್ನ ಎಡಗೈಯ ಅಕ್ಷರ. ಮೂರು ದಿನ ಹಿಡಿಯಿತು. ತಿದ್ದಿ ಓದಿಕೋ.

ಮಹೇಕ್‌ಳ ಹೆಸರಿಗೆ ನೀನು ಹಾಕಿದ ಕಾಗದವನ್ನು ಅಂಚೆಯವನು ರೂಢಿಯಂತೆ ನನ್ನ ಕೈಯಲ್ಲಿಟ್ಟ. ನಿನ್ನ ಅಕ್ಷರ ನೋಡಿ ಮೈ ಉರಿಯಿತು. "ಈ ಮನಷ್ಯಾಗ ನಿನ್ನ ಕಡೆ ಏನ್ ಕೆಲಸ? ಓದು" ಎಂದು ಅವಳ ಮುಂದೆ ಎಸೆದೆ. ಅವಳು ಬೇಕಾದರೆ ಏನಾದರೂ ಕಟ್ಟಿ ಹೇಳಬಹುದಿತ್ತು. ಒಡೆದು, ಮೊದಲಿನಿಂದ ಕೊನೆಯವರೆಗೆ ಇದ್ದದ್ದು ಇದ್ದಂತೆ ಓದಿದಳು. ಹೇಳಬೇಡ ಎಂದದ್ದನ್ನೂ ಓದಿದಳು. ಆಮೇಲೆ ಉಳಿದದ್ದನ್ನು ತಾನೇ ಹೇಳಿದಳು.

ನಾನು ಸಿಟ್ಟಾಗಲಿಲ್ಲ. ನಿನಗೆ ಆಶ್ಚರ್ಯವೇ? ನನಗೂ ಆಯಿತು. ಎದ್ದು ಅವಳ ತಲೆಯ ಮೇಲೆ ಕೈ ಇಟ್ಟೆ, ಇದೇ ಎರಡು ಬೆರಳಿನ ಕೈ. ಅವಳು ಸಣ್ಣ ಕೂಸಿನಂತೆ ಅತ್ತಳು. ಅರ್ಧ ಗಂಟೆಯಲ್ಲಿ ಮುಗಿಯಿತು. ಅರ್ಧ ಗಂಟೆ, ಗೌರೀಶ. ಅಂದೇ ದವಾಖಾನೆಯಲ್ಲಿ ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ನೀನು ಅದನ್ನು ಮೂರೂವರೆ ವರ್ಷ ಮಾಡಿದೆ.

ನಿನ್ನನ್ನು ಸುಳ್ಳ, ಹೇಡಿ ಎಂದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಗೋಡೆಯ ಕಾಗದ ಇಳಿಸಿದೆ. ದುಂಡಪ್ಪನ ಮನೆಗೂ ಸಾಲಹಳ್ಳಿಗೂ ನಾನೇ ಹೋಗಿ ನಡೆದದ್ದನ್ನು ಹೇಳಿ ಬಂದೆ, ಮಹೇಕ್ ಪಕ್ಕದಲ್ಲೇ ನಿಂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಗಿರಾಕಿಗಳಲ್ಲಿ ಒಬ್ಬ ಹೋದ, ಇಬ್ಬರು ಉಳಿದರು. ಲೆಕ್ಕ ನೋಡಿದರೆ ನಾನೇ ನಿನಗೆ ಕೈ ಮುಗಿಯಬೇಕು. ಮುಗಿಯುವುದಿಲ್ಲ.

ಯಾಕೆಂದು ಕೇಳು. ಮೂರು ಬೆರಳಿಗಾಗಿ ಹೆತ್ತ ಮಗಳನ್ನು ಬಿಡುವವನು ಎಂದು ನೀನು ನನ್ನನ್ನು ತಿಳಿದೆ. ಊರು ನನ್ನನ್ನು ಕೆಲಸ ಬಾರದವನು ಎಂದಿತು, ಅಷ್ಟೇ. ನೀನು ನನ್ನನ್ನು ಅಪ್ಪನಲ್ಲ ಎಂದೆ. ಹಾಗೆಂದುಕೊಂಡು, ನನ್ನ ಕೂಸಿಗೂ ಅದನ್ನೇ ಕಲಿಸಿದೆ. ಅವಳು ನನಗೆ ಹೆದರಿ ಮೂರೂವರೆ ವರ್ಷ ನನ್ನೆದುರಿಗೆ ಉಂಡಳು, ನನ್ನ ಬಟ್ಟೆಯ ಗುಂಡಿ ಹಾಕಿದಳು, ನಾನು ಹೇಳಿದ ಶಾಪವನ್ನು ತನ್ನ ಕೈಯಿಂದಲೇ ತನ್ನ ಕೈಗೆ ಬರೆದುಕೊಂಡಳು. ಅದನ್ನು ಹೇಳಿದ ಬಾಯಿ ನನ್ನದು. ಹೇಳಬಾರದ್ದನ್ನು ನನ್ನ ಬಾಯಿಂದ ಹೇಳಿಸಿದವನು ನೀನು. ಗೊತ್ತಿದ್ದೂ ಸುಮ್ಮನಿದ್ದೆ, ದೊಡ್ಡ ಮನುಷ್ಯನಾಗಿ.

ಬೆರಳಿನದು ಎಂದೋ ಮಾಫ್ ಮಾಡಿದ್ದೇನೆ. ಇದನ್ನು ಮಾಡಲಾರೆ.

ಮಹಾನಂದಾ ತಂಗಿಗೆ ಸಲಾಮು ಹೇಳು. ಕಾಗದ ಬರೆಯುವುದಿದ್ದರೆ ಬರೆ, ಓದುತ್ತೇನೆ. ಆದರೆ ಅದರಲ್ಲಿ ನನ್ನ ಮಗಳು ಉಂಡಳೇ, ಮಲಗಿದಳೇ ಎಂದು ಇನ್ನು ಕೇಳಬೇಡ. ಅವಳಿಗೆ ಅಪ್ಪ ಇದ್ದಾನೆ.

ಸರ್ಫರಾಜ